ಕಾರವಾರಕ್ಕೆ ನೀರಿಗೆ ಬಂದ ಕಪ್ತಾನ

ಕಾರವಾರದಲ್ಲಿ ಅಕ್ಕನ ಮನೆ ಇದೆ. ಅಲ್ಲಿಗೆ ಹೋದಾಗಲೆಲ್ಲ ಬೆಳಿಗ್ಗೆ ಮೀನು ತರುವ ಕೆಲಸ ನನ್ನದು. ಮೀನು ನೆಪ ಅಷ್ಟೇ. ಬೈತಖೋಲ ಬಂದರಿನಲ್ಲಿ ಸುಮ್ನೆ ನಿಂತು ಬೋಟು ನೋಡುವುದೇ ಅಸಲು ಕೆಲಸ. ಕಳೆದ ಸಲ ಪರಿಚಯದ ಬೋಟಿನವರೊಬ್ಬರು ಒಳಗೆ ಬಂದು ನೋಡಿ ಅಂದರು. ಚುಕ್ಕಾಣಿಯ ಮುಂದೆ ದೇವರ ಫೋಟೋ, ಅದಕ್ಕೊಂದು ಒಣಗಿದ ಹಾರ. ಪಕ್ಕದ ಮೊಳೆಗೆ ದಪ್ಪ ಪ್ಲಾಸ್ಟಿಕ್ ಕವರೊಂದನ್ನು ನೇತು ಹಾಕಿದ್ದರು. ಏನಿದೆ ಅದರಲ್ಲಿ ಅಂತ ಕೇಳಿದೆ. ಬೋಟಿನ ನೋಂದಣಿ ಕಾಗದ, ಮೀನುಗಾರಿಕೆ ಪರವಾನಗಿ, ಕೆಲಸದವರ ಗುರುತಿನ ಕಾರ್ಡು.

"ಹೊರಗೆ ಕೋಸ್ಟ್ ಗಾರ್ಡಿನವರು ನಿಲ್ಸಿದ್ರೆ ಮೊದಲು ಕೇಳೋದು ಇದನ್ನೇ. ದೇವರ ಫೋಟೋ ಮರೆತ್ರೂ ನಡೀತದೆ, ಈ ಕವರ್ ಮರೆಯೋ ಹಾಗಿಲ್ಲ ನೋಡಿ" ಎಂದು ನಕ್ಕರು.

ಬಂಗಡೆ ಹಿಡಿದು ಮನೆಗೆ ಬಂದ ಮೇಲೂ ಆ ಕವರು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಇದೇ ಕೊಲ್ಲಿಗೆ 1697ರ ಸೆಪ್ಟೆಂಬರ್‌ನಲ್ಲಿ ಒಬ್ಬ ಕಪ್ತಾನ ಬಂದಿದ್ದ. ಸೌದೆ ಮತ್ತು ಕುಡಿಯುವ ನೀರು ಬೇಕಿತ್ತು ಅವನಿಗೆ. ಹೆಸರು ವಿಲಿಯಂ ಕಿಡ್. ಮಕ್ಕಳ ಕಥೆಗಳಲ್ಲಿ ನಿಧಿ ಹೂತಿಟ್ಟ ಕಡಲ್ಗಳ್ಳ ಅಂತ ಬರುತ್ತಾನಲ್ಲ, ಅದೇ ಕ್ಯಾಪ್ಟನ್ ಕಿಡ್. ಅವನ ಹಡಗಿನಲ್ಲೂ ಒಂದು ಕವರು ಇತ್ತು ಅನ್ನಿ. ಅದರಲ್ಲಿ ಇಂಗ್ಲೆಂಡಿನ ದೊರೆಯ ಮೊಹರು ಬಿದ್ದ ಕಾಗದ.

ಕಣ್ಣಿಗೆ ಕಪ್ಪು ಪಟ್ಟಿ, ಹೆಗಲ ಮೇಲೆ ಗಿಳಿ, ಅಂಥದ್ದೆಲ್ಲ ಈ ಮನುಷ್ಯನಿಗೆ ಒಗ್ಗುವುದಿಲ್ಲ. ಸ್ಕಾಟ್ಲೆಂಡಿನವನು, ನೆಲೆಸಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಒಬ್ಬ ಸಿರಿವಂತ ವಿಧವೆಯನ್ನು ಮದುವೆಯಾಗಿ ಮನೆ ಮಾಡಿಕೊಂಡಿದ್ದ. ಊರಿನ ಟ್ರಿನಿಟಿ ಚರ್ಚ್ ಕಟ್ಟುವಾಗ ಭಾರ ಎತ್ತುವುದಕ್ಕೆ ತನ್ನ ಹಡಗಿನ ಹಗ್ಗ, ರಾಟೆ ಕೊಟ್ಟಿದ್ದ. ನಮ್ಮಲ್ಲಾದರೆ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸದಸ್ಯ ಅನ್ನುತ್ತಿದ್ದೆವು.

1695ರಲ್ಲಿ ಈತ ಲಂಡನ್ನಿಗೆ ಹೋದ. ನೌಕಾಪಡೆಯಲ್ಲಿ ಏನಾದರೂ ಹುದ್ದೆ ಸಿಗಬಹುದು ಅನ್ನುವ ಆಸೆ. ಸಿಕ್ಕಿದ್ದು ಬೇರೆ. ಲಾರ್ಡ್ ಬೆಲ್ಲೊಮಾಂಟ್ ಎಂಬ ದೊಡ್ಡ ಮನುಷ್ಯ, ಅವನ ಹಿಂದೆ ಸರ್ಕಾರದಲ್ಲೇ ಇದ್ದ ಇನ್ನೂ ನಾಲ್ವರು ಲಾರ್ಡ್‌ಗಳು ಸೇರಿ ಒಂದು ಪಾಲುದಾರಿಕೆ ಹೂಡಿದರು. ಹಡಗಿಗೆ ಹೆಚ್ಚಿನ ದುಡ್ಡು ಅವರದು, ಕಡಲಿಗಿಳಿಯುವವನು ಕಿಡ್. ದೊರೆಗೆ ನೂರಕ್ಕೆ ಹತ್ತು ಪಾಲು. ಎರಡು ಸನದು ಬರೆದುಕೊಟ್ಟರು. ಒಂದು, ಫ್ರೆಂಚ್ ಹಡಗು ಸಿಕ್ಕರೆ ಹಿಡಿಯಬಹುದು ಎಂದು. ಆಗ ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿತ್ತು. ಇನ್ನೊಂದು, ಕಡಲ್ಗಳ್ಳರನ್ನು ಹಿಡಿಯಬಹುದು ಎಂದು. ಯಾರ್ಯಾರನ್ನು ಅಂತ ಕೆಲವರ ಹೆಸರನ್ನೂ ಬರೆದಿದ್ದರು. ತಮಾಷೆ ಏನೆಂದರೆ, ಅದರಲ್ಲಿ ಮೊದಲ ಹೆಸರಾದ ಥಾಮಸ್ ಟ್ಯೂ ಕೆಂಪು ಸಮುದ್ರದ ಕಡೆ ಒಂದು ಮೊಗಲ್ ಹಡಗಿನ ಜೊತೆ ಕಾದಾಡಿ ಅಷ್ಟರಲ್ಲಾಗಲೇ ಸತ್ತುಹೋಗಿದ್ದ. ಸುದ್ದಿ ಲಂಡನ್ನಿಗೆ ಬಂದಿರಲಿಲ್ಲ.

ಇಂಥ ಸನದು ಪಡೆದವನಿಗೆ ಇಂಗ್ಲಿಷರು ಪ್ರೈವೆಟೀರ್ ಅನ್ನುತ್ತಿದ್ದರು. ಮಾಡುವ ಕೆಲಸ ಕಡಲ್ಗಳ್ಳನದೇ. ಹಡಗು ಅಡ್ಡಗಟ್ಟು, ತೋಪು ತೋರಿಸು, ಸರಕು ಬಾಚು. ಆದರೆ ಸಿಕ್ಕಿದ ಹಡಗನ್ನು ನ್ಯಾಯಾಲಯದ ಮುಂದಿಟ್ಟು ಇದು ನ್ಯಾಯವಾದ ಕೊಳ್ಳೆ ಅಂತ ಬರೆಸಿಕೊಳ್ಳಬೇಕು. ಕಾಗದದಿಂದ ಶುರು, ಕಾಗದದಲ್ಲೇ ಮುಕ್ತಾಯ. ನೌಕಾಪಡೆ ಸಾಕುವಷ್ಟು ಖಜಾನೆ ಇಲ್ಲದ ದೊರೆಗಳಿಗೆ ಇದು ಭಾರಿ ಅನುಕೂಲ. ಖರ್ಚು ಇನ್ನೊಬ್ಬರದು, ಶತ್ರುವಿಗೆ ನಷ್ಟ, ತನಗೂ ಒಂದು ಪಾಲು.

ಕಿಡ್‌ನ ಹಡಗಿನ ಹೆಸರು ಅಡ್ವೆಂಚರ್ ಗ್ಯಾಲಿ. 34 ತೋಪು. ಗಾಳಿ ಬಿದ್ದಾಗ ನಡೆಸಲು ಉದ್ದುದ್ದ ಹುಟ್ಟುಗಳೂ ಇದ್ದವು. ಸುಮಾರು 150 ಜನ ನಾವಿಕರು. ಅವರಿಗೆ ಸಂಬಳ ಇಲ್ಲ. ಬೇಟೆ ಸಿಕ್ಕರೆ ಪಾಲು, ಸಿಗದಿದ್ದರೆ ಬರಿಗೈ. ಈ ಕರಾರೇ ಮುಂದೆ ಅವನ ಕುತ್ತಿಗೆಗೆ ಬಂತು ಅಂತ ನನಗನಿಸುತ್ತದೆ. ಸಂಬಳವಿಲ್ಲದ 150 ಜನರನ್ನು ಕಟ್ಟಿಕೊಂಡು ನಡುಗಡಲಲ್ಲಿ ಇರುವ ಕಪ್ತಾನ ಎಷ್ಟು ದಿನ ಪ್ರಾಮಾಣಿಕನಾಗಿರಲು ಸಾಧ್ಯ?

1696ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಬಿಟ್ಟ. ಮಡಗಾಸ್ಕರ್ ಮುಟ್ಟಿದ. ಕೊಮೊರೊ ದ್ವೀಪಗಳ ಹತ್ತಿರ ಕಾಯಿಲೆ ಬಿದ್ದು ಸುಮಾರು 50 ಜನ ಸತ್ತರು. ಒಂದು ವರ್ಷವಾದರೂ ಬೇಟೆ ಇಲ್ಲ. 1697ರ ಆಗಸ್ಟಿನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಕಾದು ಕೂತ. ಯೆಮನ್‌ನ ಮೊಕಾ ಬಂದರಿನಿಂದ ಸೂರತ್ತಿಗೆ ಹೊರಡುವ ಹಡಗುಗಳು ಅಲ್ಲಿಂದಲೇ ದಾಟಬೇಕು. ಅವು ಫ್ರೆಂಚರವೂ ಅಲ್ಲ, ಕಡಲ್ಗಳ್ಳರವೂ ಅಲ್ಲ. ಜೇಬಿನಲ್ಲಿದ್ದ ಸನದಿಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲ. ಕಾವಲಿಗೆ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗು ತೋಪು ಹಾರಿಸಿತು. ಕಿಡ್ ಅಲ್ಲಿಂದ ಕಾಲ್ತೆಗೆದ. ದಾರಿಯಲ್ಲಿ ಒಂದು ಚಿಕ್ಕ ಹಡಗನ್ನು ತಡೆದು ಅದರ ಇಂಗ್ಲಿಷ್ ಕಪ್ತಾನನನ್ನೂ ಒಬ್ಬ ಪೋರ್ಚುಗೀಸನನ್ನೂ ಎಳೆದುಕೊಂಡ. ಕಪ್ತಾನ ದಾರಿ ತೋರಿಸುವುದಕ್ಕೆ, ಪೋರ್ಚುಗೀಸ ದುಬಾಷಿ ಕೆಲಸಕ್ಕೆ. ಆಮೇಲೆ ಬಂದಿದ್ದೇ ಕಾರವಾರಕ್ಕೆ.

ಆಗಿನ ಕಾರವಾರ ಈಗಿನ ಪೇಟೆ ಇರುವ ಜಾಗದಲ್ಲಿ ಇರಲಿಲ್ಲ. ಕಾಳಿ ನದಿಯ ಒಳಗೆ, ಕಡವಾಡದ ಕಡೆ ಇತ್ತು. ಸೋದೆ ಅರಸರ ಸೀಮೆ. 1638ರಲ್ಲೇ ಇಂಗ್ಲಿಷರು ಅಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದಿದ್ದರು. ಘಟ್ಟದ ಮೇಲಿನ ಕಾಳುಮೆಣಸು, ಬಯಲುಸೀಮೆಯ ಬಟ್ಟೆ ಅಲ್ಲಿಂದ ಹಡಗು ಹತ್ತುತ್ತಿತ್ತು. ಕಿಡ್ ಬಂದಾಗ ಕೋಠಿಯ ಇಬ್ಬರು ಇಂಗ್ಲಿಷರು ಅವನ ಹಡಗು ಹತ್ತಿ, ನೀನು ಹಿಡಿದಿಟ್ಟುಕೊಂಡ ಆ ಇಬ್ಬರು ಎಲ್ಲಿ ಎಂದು ಕೇಳಿದರು. ಯಾರೂ ಇಲ್ಲವಲ್ಲ ಅಂದ ಕಿಡ್. ಅವರಿಬ್ಬರನ್ನೂ ಹಡಗಿನ ತಳದಲ್ಲಿ ಅಡಗಿಸಿಟ್ಟಿದ್ದ. ಸೆಪ್ಟೆಂಬರ್ ತಿಂಗಳು, ಮಳೆಗಾಲ ಆಗಷ್ಟೇ ಹಿಂದೆ ಸರಿಯುವ ಹೊತ್ತು, ಕಾರವಾರದ ಸೆಕೆ ಗೊತ್ತಲ್ಲ. ಆ ತಳದಲ್ಲಿ ಕೂತವರ ಪಾಡು ಯಾರಿಗೂ ಬೇಡ.

ಹಡಗಿನಲ್ಲಿ ಬೆಂಜಮಿನ್ ಫ್ರಾಂಕ್ಸ್ ಎಂಬ ಯಹೂದಿ ಒಡವೆ ವ್ಯಾಪಾರಿ ಇದ್ದ. ಸೂರತ್ತಿಗೆ ಹೋಗಿ ವ್ಯಾಪಾರ ಮಾಡೋಣ ಅಂತ ನ್ಯೂಯಾರ್ಕಿನಲ್ಲಿ ಹತ್ತಿದವನು. ಕಾರವಾರದಲ್ಲಿ ಹೇಗೋ ಇಳಿದುಕೊಂಡ, ಇಳಿದವನು ಮತ್ತೆ ಹತ್ತಲಿಲ್ಲ. ಮುಂದಿನ ತಿಂಗಳು ಬೊಂಬಾಯಿಯಲ್ಲಿ ಕಂಪನಿಯವರ ಮುಂದೆ ನಡೆದದ್ದನ್ನೆಲ್ಲ ಬರೆಸಿದ. ಕಿಡ್ ಕಳ್ಳನಾಗಿದ್ದಾನೆ ಅನ್ನುವ ಕಾಗದ ಹುಟ್ಟಿದ್ದು ಹೀಗೆ ನಮ್ಮ ಕರಾವಳಿಯಲ್ಲಿ ಇಳಿದವರ ಬಾಯಿಂದ. ಇತ್ತ ಕಿಡ್ ಕಾರವಾರ ಬಿಡುತ್ತಿದ್ದ ಹಾಗೆ ಗೋವೆಯಿಂದ ಎರಡು ಪೋರ್ಚುಗೀಸ್ ಯುದ್ಧದ ಹಡಗುಗಳು ಬೆನ್ನು ಹತ್ತಿದವು. ಚಿಕ್ಕದನ್ನು ಜಖಂ ಮಾಡಿ ದೊಡ್ಡದರಿಂದ ತಪ್ಪಿಸಿಕೊಂಡ.

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಯಾಕೆಂದರೆ ಈ ಕಡಲಿನಲ್ಲಿ ಕಳ್ಳ ಯಾರು, ದೊರೆ ಯಾರು ಅನ್ನುವ ಗೊಂದಲ ಕಿಡ್‌ನಿಂದ ಶುರುವಾದದ್ದಲ್ಲ.

ನಮ್ಮ ಪಡುವಣ ಕಡಲು ಮೊದಲಿನಿಂದಲೂ ಕಳ್ಳರಿಗೆ ಹೆಸರಾದದ್ದು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ, ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಕೇರಳದ ಮುಜಿರಿಸ್ ಬಂದರಿಗೆ ಹೋಗುವವರು ಹುಷಾರು ಎಂದು ಬರೆದ. ನಿತ್ರಿಯಾಸ್ ಅಂದರೆ ನೇತ್ರಾವತಿಯ ದಡ ಎನ್ನುವವರಿದ್ದಾರೆ, ಮುರುಡೇಶ್ವರದ ಎದುರಿನ ನೇತ್ರಾಣಿ ಎನ್ನುವವರೂ ಇದ್ದಾರೆ. ಮಾರ್ಕೊ ಪೋಲೊ ಹೇಳುವುದು ಇನ್ನೂ ಚೆನ್ನಾಗಿದೆ. ಮಲಬಾರಿನ ಕಡಲ್ಗಳ್ಳರು ಹೆಂಡಿರು ಮಕ್ಕಳನ್ನೂ ಕರೆದುಕೊಂಡು ಇಡೀ ಬೇಸಿಗೆ ಕಡಲಲ್ಲೇ ಇರುತ್ತಿದ್ದರಂತೆ. ಇಪ್ಪತ್ತು ಮೂವತ್ತು ಹಡಗು ಐದಾರು ಮೈಲಿಗೊಂದರಂತೆ ಸಾಲಾಗಿ ನಿಲ್ಲುತ್ತಿದ್ದವಂತೆ. ಒಂದಕ್ಕೆ ಬೇಟೆ ಕಂಡರೆ ಬೆಂಕಿ, ಹೊಗೆ ಎಬ್ಬಿಸಿ ಉಳಿದವಕ್ಕೆ ಸುದ್ದಿ. ವ್ಯಾಪಾರಿಯನ್ನು ಕೊಲ್ಲುತ್ತಿರಲಿಲ್ಲ. ಹೋಗಿ ಇನ್ನಷ್ಟು ಸರಕು ತಗೊಂಡು ಬಾ, ಮತ್ತೆ ನಮಗೇ ಸಿಕ್ಕರೂ ಸಿಗಬಹುದು ಎಂದು ಬಿಟ್ಟು ಕಳಿಸುತ್ತಿದ್ದರಂತೆ. ಗುಜರಾತಿನ ಕಡೆಯವರು ಅಷ್ಟು ಸಾಧುಗಳಲ್ಲ. ಮುತ್ತು ನುಂಗಿದ್ದಾನೆ ಅನ್ನುವ ಅನುಮಾನ ಬಂದರೆ ಹುಣಸೆಹಣ್ಣನ್ನು ಸಮುದ್ರದ ನೀರಲ್ಲಿ ಕಲಸಿ ಕುಡಿಸುತ್ತಿದ್ದರಂತೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಇಬ್ನ್ ಬತೂತಾ ಇದನ್ನು ಕೇಳಿ ಬರೆದವನಲ್ಲ, ಅನುಭವಿಸಿದವನು. 14ನೇ ಶತಮಾನದಲ್ಲಿ ಹೊನ್ನಾವರ ಮತ್ತು ಬಾರ್ಕೂರಿನ ನಡುವಿನ ಚಿಕ್ಕ ದ್ವೀಪವೊಂದರ ಹತ್ತಿರ ಹನ್ನೆರಡು ಹಡಗುಗಳು ಅವನನ್ನು ಸುತ್ತುವರಿದವು. ಸಿಂಹಳದ ದೊರೆ ಕೊಟ್ಟಿದ್ದ ಹರಳುಗಳೂ ಹೋದವು, ಮೈಮೇಲಿನ ಬಟ್ಟೆಯೂ ಹೋಯಿತು. ಉಳಿದದ್ದು ಚಲ್ಲಣ ಒಂದೇ. ಆ ದ್ವೀಪ ನೇತ್ರಾಣಿಯೇ ಇರಬೇಕು ಅಂತ ನನ್ನ ಗುಮಾನಿ. ಇವತ್ತು ಅಲ್ಲಿ ಸ್ಕೂಬಾ ಡೈವಿಂಗಿಗೆ ಹೋಗಿ ಬಂದವರ ಜೇಬೂ ಹಗುರವಾಗಿರುತ್ತದೆ, ಬಟ್ಟೆ ಮಾತ್ರ ಉಳಿದಿರುತ್ತದೆ.

ಇವರಿಗೆಲ್ಲ ಕಳ್ಳ ಅನ್ನುವ ಹೆಸರು ಸುಲಭ. ಹೊನ್ನಾವರದ ತಿಮ್ಮಯ್ಯನ ವಿಷಯಕ್ಕೆ ಬಂದಾಗ ಕಷ್ಟವಾಗುತ್ತದೆ. ಪೋರ್ಚುಗೀಸರು ಅವನನ್ನು ತಿಮೋಜಾ ಎಂದು ಬರೆದರು. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವ ಮೊದಲು ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಆಗ ಹಸಿರು ಕೊಂಬೆಗಳ ರಾಶಿಯೊಂದು ತೇಲುತ್ತ ಹತ್ತಿರ ಬಂತಂತೆ. ನೋಡಿದರೆ ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು ಮೇಲೆ ಸೊಪ್ಪು ಹೊದಿಸಿದ್ದರು. ಗಾಮ ತೋಪು ಹಾರಿಸಿ ಚದುರಿಸಿದ. ಇದು ತಿಮ್ಮಯ್ಯ ಎಂಬ ಕಡಲ್ಗಳ್ಳನ ಕೆಲಸ ಅಂತ ಪೋರ್ಚುಗೀಸ್ ಇತಿಹಾಸಕಾರರು ಬರೆದಿಟ್ಟರು.

ಹೊನ್ನಾವರದಿಂದ ನೋಡಿದರೆ ಕಾಣುವುದೇ ಬೇರೆ. ವಿಜಯನಗರಕ್ಕೆ ಅರಬ್ಬೀ ಕುದುರೆ ಬೇಕು. ಅದು ಬರುವುದು ಹಡಗಿನಲ್ಲಿ. ಗೋವೆ ಆಗ ಬಿಜಾಪುರದ ಕೈಯಲ್ಲಿ. ಅಲ್ಲಿಗೆ ಹೊರಟ ಕುದುರೆಯ ಹಡಗುಗಳನ್ನು ತಡೆದು ಹೊನ್ನಾವರ, ಭಟ್ಕಳದ ಕಡೆಗೆ ತಿರುಗಿಸುವುದು ತಿಮ್ಮಯ್ಯನ ದಂಧೆ. ಗೋವೆಯವರಿಗೆ ಕಳ್ಳ, ಹೊನ್ನಾವರದ ಅರಸನಿಗೆ ಬೇಕಾದವನು. ಇಂಗ್ಲಿಷರಾಗಿದ್ದರೆ ಅವನಿಗೆ ಪ್ರೈವೆಟೀರ್ ಎನ್ನುತ್ತಿದ್ದರು, ಅಲ್ವಾ?

ಅದೇ ಗಾಮ 1502ರಲ್ಲಿ ಮತ್ತೆ ಬಂದ. ತಿಮ್ಮಯ್ಯನ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊನ್ನಾವರದಲ್ಲಿ ಬೆಂಕಿ ಇಟ್ಟ. ಕಳ್ಳರಿಗೆ ಬುದ್ಧಿ ಕಲಿಸಿದ್ದು ಅಂತ ಲೆಕ್ಕ. ಅದೇ ಯಾನದಲ್ಲಿ, ಮೆಕ್ಕಾದಿಂದ ಕಲ್ಲಿಕೋಟೆಗೆ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಹಿಡಿದು, ಇದ್ದಬದ್ದದ್ದನ್ನು ದೋಚಿ, ಹೆಂಗಸರು ಮಕ್ಕಳ ಸಮೇತ ಸುಟ್ಟ. ಜೊತೆಯಲ್ಲಿದ್ದ ಪೋರ್ಚುಗೀಸನೊಬ್ಬನೇ ಅದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಶಾಲೆಯ ಪಾಠದಲ್ಲಿ ಗಾಮ ಜಲಮಾರ್ಗ ಕಂಡುಹಿಡಿದವನು. ನಾನೂ ಹಾಗೆ ಬರೆದೇ ಎರಡು ಅಂಕ ತಗೊಂಡವನು.

ಆ ಮೇಲೆ ಪೋರ್ಚುಗೀಸರು ಕರ್ತಾಜ್ ತಂದರು. ನಮ್ಮ ಮಾತಿನಲ್ಲಿ ರಹದಾರಿ. ಹಡಗು ಎಷ್ಟು ದೊಡ್ಡದು, ಕಪ್ತಾನ ಯಾರು, ಏನು ಸರಕು, ಎಲ್ಲಿಗೆ, ಎಲ್ಲ ಬರೆಸಿ ದುಡ್ಡು ಕೊಟ್ಟು ತಗೋಬೇಕು. ಅವರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಕಾಗದ ಇಲ್ಲದ ಹಡಗು ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ಸಾವಿರಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿದ ಕಡಲಿನಲ್ಲಿ ನಿನ್ನೆ ಬಂದವರು ಕೂತು ರಸೀದಿ ಹರಿದರು. ಅಕ್ಬರನ ಕಾಲದಲ್ಲಿ ಹಜ್ ಹಡಗುಗಳಿಗೂ ಇದೇ ರಹದಾರಿ ಬೇಕಿತ್ತು. ಅದರ ಮೇಲೆ ಮೇರಿ, ಯೇಸುವಿನ ಚಿತ್ರ ಬೇರೆ ಇರುತ್ತಿತ್ತು.

ತಿಮ್ಮಯ್ಯ ಗಾಳಿ ನೋಡಿ ಹಾಯಿ ಬದಲಿಸಿದ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್‌ನನ್ನು ಕಂಡು, ಈಗ ಗೋವೆಯ ಮೇಲೆ ಬಿದ್ದರೆ ಸುಲಭವಾಗಿ ಸಿಗುತ್ತದೆ ಎಂದು ಹೇಳಿದವನು ಅವನೇ. ಗೋವೆ ಒಮ್ಮೆ ಸಿಕ್ಕಿತು, ಕೈತಪ್ಪಿತು, ನವೆಂಬರ್ 25ರಂದು ಮತ್ತೆ ಸಿಕ್ಕಿತು. ನಿನ್ನೆಯ ಕಳ್ಳನಿಗೆ ಗೋವೆಯ ಸೀಮೆಯ ಕಂದಾಯ ಎತ್ತುವ ಅಧಿಕಾರ ಕೊಟ್ಟರು. ಅದು ಹೆಚ್ಚು ದಿನ ಅವನ ಕೈಯಲ್ಲಿ ನಿಲ್ಲಲಿಲ್ಲ. ಹೊನ್ನಾವರದ ರಾಜಮನೆತನದ ಇನ್ನೊಬ್ಬನಿಗೆ ಅದನ್ನು ವಹಿಸಿದರು. ತಿಮ್ಮಯ್ಯನ ಮೇಲೆ ನನಗೆ ಅಭಿಮಾನವೂ ಬರುವುದಿಲ್ಲ, ಪೂರ್ತಿ ಸಿಟ್ಟೂ ಬರುವುದಿಲ್ಲ. ಬಿಜಾಪುರದ ಹಗೆಯಲ್ಲಿ ಮುಳುಗಿದ್ದವನಿಗೆ, ಕಡಲಾಚೆಯಿಂದ ಬಂದವರು 450 ವರ್ಷ ಕೂರುತ್ತಾರೆ ಅಂತ ಹೇಗೆ ಗೊತ್ತಾಗಬೇಕಿತ್ತು?

ರಹದಾರಿ ಆಟವನ್ನು ಪೋರ್ಚುಗೀಸರಷ್ಟೇ ಚೆನ್ನಾಗಿ ಕಲಿತವನು ಕನ್ಹೋಜಿ ಆಂಗ್ರೆ. ಮರಾಠರ ನೌಕಾಪಡೆಯ ಸರಖೇಲ್, ಅಂದರೆ ಮುಖ್ಯಸ್ಥ. ಅವನೂ ತನ್ನದೇ ದಸ್ತಕ್ ಕೊಡಲು ಶುರು ಮಾಡಿದ. ಇದು ಮರಾಠರ ಕಡಲು, ನಮ್ಮ ಕಾಗದ ತಗೊಂಡು ಓಡಾಡಿ ಅಂದ. ಇಂಗ್ಲಿಷರು ಅವನಿಗೆ ಪೈರೇಟ್ ಎಂದರು. ಅವರು ಕೊಟ್ಟರೆ ಪಾಸು, ಇವನು ಕೊಟ್ಟರೆ ಪುಂಡಾಟ.

ಇಲ್ಲೂ ಕಾರವಾರದ ಒಂದು ಎಳೆ ಇದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1709ರಲ್ಲಿ ಬಂಗಾಳಕ್ಕೆ ಹೊರಟ ಕಂಪನಿ ಹಡಗೊಂದು ಗಾಳಿ ತಪ್ಪಿ ಕಾರವಾರಕ್ಕೆ ಬಂತು. ಅದರಲ್ಲಿ ಕ್ಯಾಥರಿನ್ ಕುಕ್ ಎಂಬ ಹದಿಮೂರು ಹದಿನಾಲ್ಕು ವರ್ಷದ ಹುಡುಗಿ, ಅಪ್ಪ ಅಮ್ಮನ ಜೊತೆ. ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ ವಯಸ್ಸಾದವನು. ಅವನಿಗೆ ಆ ಹುಡುಗಿಯನ್ನು ಕೊಟ್ಟು ಮದುವೆ ಮಾಡಿ, ಹೆತ್ತವರು ಹಡಗು ಹತ್ತಿ ಹೋದರು. ಎರಡು ವರ್ಷದಲ್ಲಿ ಹಾರ್ವೆ ಸತ್ತ. ಥಾಮಸ್ ಚೌನ್ ಎಂಬವನ ಜೊತೆ ಮತ್ತೆ ಮದುವೆಯಾಯಿತು. 1712ರ ನವೆಂಬರ್‌ನಲ್ಲಿ ಇಬ್ಬರೂ ಬೊಂಬಾಯಿಯಿಂದ ಕಾರವಾರಕ್ಕೆ ಬರುವಾಗ ಆಂಗ್ರೆಯ ಹಡಗುಗಳು ಮುತ್ತಿದವು. ಗುಂಡು ಬಿದ್ದು ಚೌನ್ ಅಲ್ಲೇ ಸತ್ತ. ಅವಳನ್ನು ಹಿಡಿದೊಯ್ದರು. ಬಿಡಿಸಿಕೊಳ್ಳಲು ಕಂಪನಿ ಕೊಟ್ಟದ್ದು 30,000 ರೂಪಾಯಿ. ಮೂರನೆಯ ಗಂಡ ಗಿಫೋರ್ಡ್ 1721ರಲ್ಲಿ ಕೇರಳದ ಅಂಜೆಂಗೊದಲ್ಲಿ ಊರವರ ಕೈಯಲ್ಲಿ ಕೊಲೆಯಾದ. ಅವಳು ಆಗಲೂ ತಪ್ಪಿಸಿಕೊಂಡಳು. ಈ ಚರಿತ್ರೆಯಲ್ಲೆಲ್ಲ ನನಗೆ ತುಂಬಾ ಕಾಡುವುದು ಇವಳೇ. ಹಿಂತಿರುಗಿ ನೋಡದೆ ಹೋದ ಆ ಹಡಗನ್ನು ಕಾಳಿಯ ದಡದಲ್ಲಿ ನಿಂತು ನೋಡಿದ ಹದಿಮೂರರ ಹುಡುಗಿ.

ಕಿಡ್‌ನನ್ನು ನಡುಗಡಲಲ್ಲಿ ಬಿಟ್ಟು ಬಂದಿದ್ದೆ.

ಕಾರವಾರದಿಂದ ತೆಂಕಣಕ್ಕೆ ಹೋದ. ಜನ ಗೊಣಗುತ್ತಿದ್ದರು. ಅಕ್ಟೋಬರ್ 30ರಂದು ವಿಲಿಯಂ ಮೂರ್ ಎಂಬ ತೋಪಿನವನ ಜೊತೆ ಮಾತಿಗೆ ಮಾತು ಬೆಳೆಯಿತು. ಕಿಡ್ ಅವನನ್ನು ನಾಯಿ ಎಂದು ಬೈದ. ನಾನು ನಾಯಿಯಾಗಿದ್ದರೆ ನೀನೇ ಮಾಡಿದ್ದು ಅಂದ ಮೂರ್. ಕಬ್ಬಿಣದ ಪಟ್ಟಿ ಹಾಕಿದ ಬಕೆಟ್ ಎತ್ತಿ ಕಿಡ್ ಅವನ ತಲೆಗೆ ಹೊಡೆದ. ಮರುದಿನ ಅವನು ಸತ್ತ.

1698ರ ಜನವರಿ 30ರಂದು, ಕೊಚ್ಚಿಯ ಕಡೆಯ ಕಡಲಲ್ಲಿ ಕೊನೆಗೂ ದೊಡ್ಡ ಬೇಟೆ ಬಿತ್ತು. ಕ್ವೆಡಾ ಮರ್ಚೆಂಟ್ ಎಂಬ ಹಡಗು, ಬಂಗಾಳದಿಂದ ಸೂರತ್ತಿಗೆ. ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಪೆಟ್ಲುಪ್ಪು. ಸರಕು ಅರ್ಮೇನಿಯನ್ ವ್ಯಾಪಾರಿಗಳದು, ಪಾಲು ಮೊಗಲ್ ಆಸ್ಥಾನದ ದೊಡ್ಡವರದು, ಕಪ್ತಾನ ಮಾತ್ರ ಇಂಗ್ಲಿಷಿನವ. ಕಿಡ್ ಫ್ರೆಂಚ್ ಬಾವುಟ ಹಾರಿಸಿಕೊಂಡು ಹತ್ತಿರ ಹೋದ. ಆಗಿನ ವ್ಯಾಪಾರಿ ಹಡಗುಗಳು ಬುದ್ಧಿವಂತಿಕೆಯಿಂದ ಎರಡು ಮೂರು ದೇಶದ ರಹದಾರಿ ಇಟ್ಟುಕೊಂಡಿರುತ್ತಿದ್ದವು. ಎದುರಿಗೆ ಯಾವ ಬಾವುಟವೋ ಆ ಕಾಗದ. ಇವರೂ ಫ್ರೆಂಚ್ ರಹದಾರಿ ತೆಗೆದು ಕೊಟ್ಟರು. ಕಿಡ್‌ಗೆ ಬೇಕಾಗಿದ್ದೂ ಅದೇ. ಫ್ರೆಂಚ್ ಕಾಗದ ಇದ್ದರೆ ಫ್ರೆಂಚ್ ಹಡಗು, ಫ್ರೆಂಚ್ ಹಡಗಾದರೆ ತನ್ನ ಸನದಿನ ಪ್ರಕಾರ ನ್ಯಾಯವಾದ ಕೊಳ್ಳೆ. ಅವನು ಕಾರವಾರದಲ್ಲಿ ನೀರು ತುಂಬಿಸಿಕೊಂಡ ಅದೇ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾಗಿ ಯುದ್ಧ ಮುಗಿದಿತ್ತು. ಈ ಕಡಲಿನವರೆಗೆ ಆ ಸುದ್ದಿ ಬರುವುದಕ್ಕೆ ತಿಂಗಳುಗಟ್ಟಲೆ ಬೇಕು.

ಎರಡು ವರ್ಷದ ಹಿಂದಷ್ಟೇ ಹೆನ್ರಿ ಎವ್ರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಔರಂಗಜೇಬನದೇ ಗಂಜ್-ಇ-ಸವಾಯಿ ಹಡಗನ್ನು ಲೂಟಿ ಮಾಡಿ ಮಾಯವಾಗಿದ್ದ. ಸಿಟ್ಟಿಗೆದ್ದ ಬಾದಶಹ ಸೂರತ್ತಿನ ಕಂಪನಿಯವರಿಗೆ ಬೇಡಿ ಹಾಕಿಸಿದ್ದ. ಈಗ ಮತ್ತೆ ಇಂಗ್ಲಿಷರೇ ಮೊಗಲರ ಸರಕಿನ ಮೇಲೆ ಕೈ ಹಾಕಿದ್ದು. ಎವ್ರಿ ಸಿಗಲಿಲ್ಲ. ತೋರಿಸುವುದಕ್ಕೆ ಒಂದು ತಲೆಯಂತೂ ಬೇಕಿತ್ತು.

ಮಡಗಾಸ್ಕರಿನಲ್ಲಿ ಕಿಡ್‌ನ ಬಹುಪಾಲು ಜನ ಅವನನ್ನು ಬಿಟ್ಟು ನಿಜವಾದ ಕಡಲ್ಗಳ್ಳನೊಬ್ಬನ ಹಡಗು ಹತ್ತಿದರು. ಅಡ್ವೆಂಚರ್ ಗ್ಯಾಲಿ ಸೋರಿ ಸೋರಿ ಕೆಲಸಕ್ಕೆ ಬಾರದಾಗಿತ್ತು. ಕ್ವೆಡಾ ಮರ್ಚೆಂಟ್‌ನಲ್ಲೇ ಕೆರಿಬಿಯನ್ ಮುಟ್ಟಿದಾಗ, ತನ್ನನ್ನು ಪೈರೇಟ್ ಎಂದು ಸಾರಿದ್ದಾರೆ ಅಂತ ತಿಳಿಯಿತು. ಆ ಹಡಗನ್ನು ಅಲ್ಲೇ ಬಿಟ್ಟು, ಬೇರೆ ಚಿಕ್ಕ ಹಡಗಿನಲ್ಲಿ ಊರ ಕಡೆ ಹೊರಟ. ಒಂದಷ್ಟು ಚಿನ್ನ ಬೆಳ್ಳಿಯನ್ನು ನ್ಯೂಯಾರ್ಕ್ ಹತ್ತಿರದ ಗಾರ್ಡಿನರ್ಸ್ ದ್ವೀಪದಲ್ಲಿ ಹೂತಿಟ್ಟ. ನಿಧಿಯ ಕಥೆಗಳೆಲ್ಲ ಹುಟ್ಟಿದ್ದು ಇದೊಂದರಿಂದ. ಸರ್ಕಾರದವರು ಅದನ್ನು ಆಗಲೇ ಅಗೆದುಕೊಂಡು ಹೋದರು. ಜನ ಮಾತ್ರ ಇನ್ನೂ ಅಗೆಯುತ್ತಲೇ ಇದ್ದಾರೆ.

ಪಾಲುದಾರ ಬೆಲ್ಲೊಮಾಂಟ್ ಆಗ ಅಲ್ಲಿನ ಗವರ್ನರ್. ಅವನನ್ನೇ ನಂಬಿ ಕಿಡ್ ತನ್ನ ಹತ್ತಿರವಿದ್ದ ಫ್ರೆಂಚ್ ರಹದಾರಿಗಳನ್ನು ಅವನಿಗೆ ತಲುಪಿಸಿದ. 1699ರ ಜುಲೈನಲ್ಲಿ ಬೆಲ್ಲೊಮಾಂಟನೇ ಅವನನ್ನು ಬೋಸ್ಟನ್ನಿನಲ್ಲಿ ಹಿಡಿಸಿ ಲಂಡನ್ನಿಗೆ ಕಳಿಸಿದ. ಹಣ ಹೂಡಿದ ಲಾರ್ಡ್‌ಗಳು ಯಾರೂ ಅವನ ಪರ ಬಾಯಿ ಬಿಡಲಿಲ್ಲ. 1701ರ ಮೇ ತಿಂಗಳಲ್ಲಿ ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ಮೊದಲು ಮೂರ್‌ನ ಕೊಲೆ, ಆಮೇಲೆ ಕಡಲ್ಗಳ್ಳತನ. ನನ್ನ ಹತ್ತಿರ ಫ್ರೆಂಚ್ ರಹದಾರಿ ಇದ್ದವು, ಅವನ್ನು ತರಿಸಿ ಎಂದು ಕಿಡ್ ಮತ್ತೆ ಮತ್ತೆ ಕೇಳಿದ. ತೋರಿಸು ನೋಡೋಣ ಅಂದರು. ತೋರಿಸಲು ಅವನ ಕೈಯಲ್ಲಿರಲಿಲ್ಲ.

ಮೇ 23ರಂದು ಥೇಮ್ಸ್ ದಡದಲ್ಲಿ ನೇಣು ಹಾಕಿದರು. ಮೊದಲ ಸಲ ಹಗ್ಗ ಹರಿದು ಕೆಳಗೆ ಬಿದ್ದ. ಮತ್ತೆ ಏರಿಸಿದರು. ಹೆಣವನ್ನು ಕಬ್ಬಿಣದ ಪಂಜರದಲ್ಲಿ ಟಿಲ್ಬರಿ ಹತ್ತಿರ ನದಿ ದಡದಲ್ಲಿ ತೂಗುಬಿಟ್ಟರು, ಹೋಗಿಬರುವ ನಾವಿಕರು ನೋಡಲಿ ಅಂತ. ಅವನಿಂದ ವಶಪಡಿಸಿಕೊಂಡ ಸರಕು ಮಾರಿ ಬಂದ ಹಣ ಗ್ರೀನಿಚ್‌ನ ನಾವಿಕರ ಆಸ್ಪತ್ರೆಗೆ ಹೋಯಿತು.

ಕಿಡ್ ತಪ್ಪೇ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಕೆಂಪು ಸಮುದ್ರದ ಬಾಯಲ್ಲಿ ಕಾದು ಕೂತದ್ದು, ಕಾರವಾರದಲ್ಲಿ ಇಬ್ಬರನ್ನು ಹಡಗಿನ ತಳಕ್ಕೆ ತಳ್ಳಿದ್ದು, ಮೂರ್‌ನ ಸಾವು, ಯಾವುದಕ್ಕೂ ಸನದಿರಲಿಲ್ಲ. ಆದರೆ ಅವನು ಕೇಳಿದ ಆ ರಹದಾರಿಗಳು ಸುಳ್ಳಾಗಿರಲಿಲ್ಲ. ಇನ್ನೂರು ವರ್ಷ ದಾಟಿದ ಮೇಲೆ, 20ನೇ ಶತಮಾನದ ಆರಂಭದಲ್ಲಿ, ಲಂಡನ್ನಿನ ಸರ್ಕಾರಿ ದಾಖಲೆಗಳ ನಡುವೆ ಸಿಕ್ಕವು.

ಹಡಗು ಸಿಕ್ಕಿದ್ದು ಇನ್ನೂ ತಡವಾಗಿ. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕ್ಯಾಟಲಿನಾ ದ್ವೀಪದ ಹತ್ತಿರ, ಹೆಚ್ಚೆಂದರೆ ಎರಡಾಳು ನೀರಿನಲ್ಲಿ ಕ್ವೆಡಾ ಮರ್ಚೆಂಟ್‌ನ ತೋಪುಗಳು ರಾಶಿ ಬಿದ್ದಿದ್ದವು. ಕೆಳಗೆ ಉಳಿದಿದ್ದ ಒಂದಿಷ್ಟು ಮರವನ್ನು ಪರೀಕ್ಷೆ ಮಾಡಿದರು. ತೇಗ. ಹಲಗೆಗಳನ್ನು ಒಂದಕ್ಕೊಂದು ಕೂಡಿಸಿದ್ದು ಹಿಂದೂಸ್ತಾನದ ಪಡುವಣ ಕರಾವಳಿಯ ಬಡಗಿಗಳ ಕೈಚಳಕ.